ಕಫ ಪರೀಕ್ಷೆ ‘ನೆಗೆಟಿವ್’ ಬಂದರೆ ಟಿಬಿ ಇಲ್ಲ ಎಂದರ್ಥವೇ?

ಮೂರು ವಾರದಿಂದ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರಾತ್ರಿ ಬೆವರುತ್ತದೆ, ಊಟ ಸೇರುವುದಿಲ್ಲ. ಮನೆಯವರು ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಕೊಡಿಸುತ್ತಾರೆ. ಮರುದಿನ ರಿಪೋರ್ಟಿನ ಫೋಟೊ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ: ‘ನೆಗೆಟಿವ್’. ಕೆಳಗೆ ಸಾಲಾಗಿ ಕೈಮುಗಿಯುವ ಇಮೋಜಿಗಳು. ಆಮೇಲೆ ಕೆಮ್ಮಿನ ಸಿರಪ್ ಒಂದು ಬಾಟಲಿ ಮುಗಿದು ಇನ್ನೊಂದು ಶುರುವಾಗುತ್ತದೆ. ಎರಡು ತಿಂಗಳಾದ ಮೇಲೆ ಕಫದಲ್ಲಿ ರಕ್ತ ಕಾಣಿಸಿಕೊಂಡಾಗ ಮತ್ತೆ ಆಸ್ಪತ್ರೆ. ಅಷ್ಟರಲ್ಲಿ ಅದೇ ಮನೆಯ ಮಗುವಿಗೂ ಸಣ್ಣಗೆ ಜ್ವರ.

ಇದಕ್ಕೆ ತದ್ವಿರುದ್ಧವಾದ ಪರಿಸ್ಥಿತಿಯೂ ಉಂಟು. ಯಾವುದೋ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬಂದಿದ್ದಕ್ಕೆ, ಇಲ್ಲದ ರೋಗಕ್ಕೆ ಆರು ತಿಂಗಳು ಮಾತ್ರೆ ನುಂಗುವುದು, ಲಿವರ್ ಕೆಡಿಸಿಕೊಳ್ಳುವುದು, ಮದುವೆ ಮಾತುಕತೆ ಮುರಿದುಕೊಳ್ಳುವುದು.

ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇದ್ದಾರೆ. ಹಾಗಾಗಿ ಈ ಎರಡೂ ತಪ್ಪುಗಳು ನಮ್ಮ ಸುತ್ತಮುತ್ತಲೇ ನಡೆಯುತ್ತಿರುತ್ತವೆ. ‘ಒಂದೇ ರಕ್ತಪರೀಕ್ಷೆಯಲ್ಲಿ ಟಿಬಿ ಪತ್ತೆ’, ‘ಕೆಮ್ಮು ಇಲ್ಲದಿದ್ದರೆ ಟಿಬಿ ಇಲ್ಲ’, ‘ಹತ್ತು ಸೆಕೆಂಡ್ ಉಸಿರು ಹಿಡಿದರೆ ಶ್ವಾಸಕೋಶ ಸರಿಯಿದೆ ಎಂದರ್ಥ’ ಎನ್ನುವಂಥ ಫಾರ್ವರ್ಡ್‌ಗಳು ಬೆಂಕಿಗೆ ತುಪ್ಪ ಸುರಿಯುತ್ತವೆ. ಉಸಿರು ಹಿಡಿಯುವ ಫಾರ್ವರ್ಡ್ ಕೊರೊನಾ ಕಾಲದಲ್ಲಿ ಓಡಾಡಿತ್ತು, ಆಗಲೂ ಸುಳ್ಳು, ಈಗಲೂ ಸುಳ್ಳು. ಅದನ್ನು ಇಲ್ಲಿಗೇ ಬಿಡೋಣ. ಉಳಿದವುಗಳಿಗೆ ಸ್ವಲ್ಪ ವಿವರಣೆ ಬೇಕು.

ಶೀರ್ಷಿಕೆಯ ಪ್ರಶ್ನೆಗೆ ನೇರ ಉತ್ತರ: ಇಲ್ಲ. ನೆಗೆಟಿವ್ ಎಂದರೆ ಆ ದಿನ ಕೊಟ್ಟ ಆ ಮಾದರಿಯಲ್ಲಿ, ಆ ವಿಧಾನಕ್ಕೆ ಟಿಬಿ ಬ್ಯಾಕ್ಟೀರಿಯಾ ಸಿಗಲಿಲ್ಲ ಎಂದಷ್ಟೇ ಅರ್ಥ. ಯಾವ ವಿಧಾನ, ಎಂಥ ಮಾದರಿ ಎನ್ನುವುದರ ಮೇಲೆ ಆ ಮಾತಿನ ತೂಕ ನಿಂತಿದೆ.

ಮೈಕ್ರೋಸ್ಕೋಪಿಗೆ ಎಷ್ಟು ಕಾಣುತ್ತದೆ?

ಟಿಬಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಘೋಷಿಸಿದ್ದು 1882ರ ಮಾರ್ಚ್ 24ರಂದು. ವಿಶ್ವ ಕ್ಷಯರೋಗ ದಿನವನ್ನು ಅದೇ ದಿನ ಆಚರಿಸುವುದು ಅದಕ್ಕೇ. ಬಹಳ ಬೇಗ ಈ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಚ್ಚಿ ನೋಡುವ ಜೀಲ್–ನೀಲ್ಸನ್ ವಿಧಾನ ಬಂತು. ಗಾಜಿನ ಸ್ಲೈಡ್ ಮೇಲೆ ಕಫ ಸವರಿ, ಬಣ್ಣ ಹಾಕಿ, ಆಸಿಡ್‌ನಿಂದ ತೊಳೆದರೆ ಬೇರೆಲ್ಲದರ ಬಣ್ಣ ಹೋಗುತ್ತದೆ, ಮೇಣದಂಥ ಹೊದಿಕೆಯಿರುವ ಟಿಬಿ ಬ್ಯಾಕ್ಟೀರಿಯಾದ್ದು ಮಾತ್ರ ಹೋಗುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುತ್ತದೆ. ನಮ್ಮ ಊರುಗಳಲ್ಲಿ ‘ಕಫ ಪರೀಕ್ಷೆ’ ಅಂದರೆ ಬಹುಕಾಲ ಇದೇ ಆಗಿತ್ತು. ಈಗಲೂ ಬಹಳ ಕಡೆ ಇದೇ.

ಅಗ್ಗದ, ಸರಳವಾದ, ಒಳ್ಳೆಯ ಪರೀಕ್ಷೆ. ಆದರೆ ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಟೆಕ್ನಿಶಿಯನ್ ಎಷ್ಟೇ ಶ್ರದ್ಧೆಯಿಂದ ನೋಡಿದರೂ ಕಣ್ಣಿಗೆ ಬೀಳುವುದು ಕಷ್ಟ. ನೆಗೆಟಿವ್ ಎಂದು ಬರೆಯುವ ಮುಂಚೆ ಸ್ಲೈಡಿನ 100 ಕಡೆ ನೋಡಬೇಕು ಎಂಬುದು ನಿಯಮ. ಇಷ್ಟಾದರೂ ಶ್ವಾಸಕೋಶದ ಟಿಬಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ಎಚ್ಐವಿ ಇರುವವರಲ್ಲಿ, ಮಕ್ಕಳಲ್ಲಿ, ರೋಗದ ಆರಂಭದ ಹಂತದಲ್ಲಿ ಇನ್ನೂ ಹೆಚ್ಚು.

ಟಿಬಿಯನ್ನು ಹಿಡಿಯುವ ಅತ್ಯಂತ ಸೂಕ್ಷ್ಮ ವಿಧಾನ ಕಲ್ಚರ್, ಅಂದರೆ ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಆದರೆ ಇದು ಬೆಳೆಯುವುದು ಬಹಳ ನಿಧಾನ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ 15ರಿಂದ 20 ಗಂಟೆ ಬೇಕು. ದ್ರವ ಮಾಧ್ಯಮದಲ್ಲಿ 42 ದಿನ, ಘನ ಮಾಧ್ಯಮದಲ್ಲಿ 8 ವಾರ ಕಾದ ಮೇಲಷ್ಟೇ ‘ಬೆಳೆಯಲಿಲ್ಲ’ ಎಂದು ಹೇಳಬಹುದು. ಅಷ್ಟು ದಿನ ರೋಗಿ ಮನೆಯಲ್ಲೇ ಕೆಮ್ಮುತ್ತಿರುತ್ತಾರೆ.

ಉಗುಳು ಬೇರೆ, ಕಫ ಬೇರೆ

ಪರೀಕ್ಷೆಯ ನಿಖರತೆ ಎಂದಕೂಡಲೇ ನಮ್ಮ ತಲೆಗೆ ಹೊಳೆಯುವುದು ದೊಡ್ಡ ಮಷಿನ್. ಆದರೆ ಮಷಿನ್‌ಗಿಂತ ಮುಂಚೆ ಡಬ್ಬಿಯಲ್ಲಿ ಏನು ಬಿದ್ದಿದೆ ಎಂದು ನೋಡಬೇಕು. ಲ್ಯಾಬಿಗೆ ಬರುವ ಎಷ್ಟೋ ಡಬ್ಬಿಗಳಲ್ಲಿ ಇರುವುದು ಬರೀ ಎಂಜಲು. ಟಿಬಿ ಬ್ಯಾಕ್ಟೀರಿಯಾ ಇರುವುದು ಶ್ವಾಸಕೋಶದ ಆಳದಿಂದ ಬರುವ ಗಟ್ಟಿ ಕಫದಲ್ಲಿ. ಎಂಜಲನ್ನು ಎಷ್ಟು ದುಬಾರಿ ಮಷಿನ್‌ಗೆ ಹಾಕಿದರೂ ಬರುವ ಉತ್ತರ ‘ನೆಗೆಟಿವ್’.

ಪಾಕಿಸ್ತಾನದ ರಾವಲ್ಪಿಂಡಿಯ ಟಿಬಿ ಕೇಂದ್ರವೊಂದರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 2007ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಗಂಡಸರಿಗೆ ಹೋಲಿಸಿದರೆ ಹೆಂಗಸರ ಕಫದಲ್ಲಿ ಟಿಬಿ ಸಿಗುವುದು ಕಡಿಮೆ ಎಂಬುದು ಅಲ್ಲಿನವರ ಗಮನಕ್ಕೆ ಬಂದಿತ್ತು. ನಾಲ್ಕು ಜನರೆದುರು ಜೋರಾಗಿ ಕೆಮ್ಮಿ ಕಫ ತೆಗೆಯಲು ಸಂಕೋಚಪಟ್ಟು ಅವರು ಎಂಜಲು ಕೊಟ್ಟು ಬರುತ್ತಿರಬಹುದೇ ಎಂಬುದು ಪ್ರಶ್ನೆ. ಬಂದವರಲ್ಲಿ ಕೆಲವರಿಗೆ ಎಂದಿನಂತೆ ಡಬ್ಬಿ ಕೊಟ್ಟು ಕಳಿಸಿದರು. ಉಳಿದವರಿಗೆ ಕಫ ಹೇಗೆ ತೆಗೆಯಬೇಕೆಂದು ಕೆಲವೇ ನಿಮಿಷ ಬಿಡಿಸಿ ಹೇಳಿದರು. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಫಲಿತಾಂಶ: ಹೇಳಿಸಿಕೊಳ್ಳದ ಹೆಂಗಸರಲ್ಲಿ ಶೇ. 8ರಷ್ಟು ಮಂದಿಯ ಕಫದಲ್ಲಿ ಟಿಬಿ ಸಿಕ್ಕರೆ, ಹೇಳಿಸಿಕೊಂಡವರಲ್ಲಿ ಶೇ. 13ರಷ್ಟು ಮಂದಿಯಲ್ಲಿ ಸಿಕ್ಕಿತು. ಗಂಡಸರಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಹೊಸ ಮಷಿನ್ ಇಲ್ಲ, ಹೊಸ ಔಷಧಿ ಇಲ್ಲ, ಬರೀ ಮಾತು. ಟಿಬಿ ಪತ್ತೆಯ ಬಗ್ಗೆ ಓದಿದ್ದರಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದು. ನಮ್ಮ ಮನೆಗಳಲ್ಲೂ ಅಮ್ಮ, ಅತ್ತೆ, ಅಜ್ಜಿ ಇದೇ ಸಂಕೋಚದಲ್ಲಿ ಡಬ್ಬಿ ತುಂಬಿಸಿ ಬರುವುದಿಲ್ಲ ಎಂದು ಹೇಳಲಾಗದು.

ಹಾಗಾದರೆ ಕಫ ಕೊಡುವುದು ಹೇಗೆ? ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅನ್ನದ ಅಗುಳು, ಎಲೆಅಡಿಕೆಯ ಚೂರು ಇರದಂತೆ. ಜನರಿಂದ ದೂರ, ಗಾಳಿಯಾಡುವ ಬಯಲಿನಲ್ಲಿ ನಿಲ್ಲಿ. ಎರಡು ಮೂರು ಸಲ ನಿಧಾನವಾಗಿ ಉಸಿರನ್ನು ಪೂರ್ತಿ ಒಳಗೆಳೆದುಕೊಂಡು, ಕೆಲವು ಸೆಕೆಂಡ್ ತಡೆದು, ಆಮೇಲೆ ಎದೆಯಾಳದಿಂದ ಕೆಮ್ಮಿ. ಮೂಗಿನಿಂದ ಗಂಟಲಿಗಿಳಿದ ಸಿಂಬಳ ಬೇಡ. ಬರಬೇಕಾದದ್ದು ಗಟ್ಟಿಯಾದ, ಸಾಮಾನ್ಯವಾಗಿ ಹಳದಿ ಅಥವಾ ಮಾಸಲು ಬಣ್ಣದ ಕಫ, ಅರ್ಧ ಚಮಚದಿಂದ ಒಂದು ಚಮಚದಷ್ಟು. ಮುಚ್ಚಳ ಬಿಗಿಯಾಗಿ ಹಾಕಿ. ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ, ಒಂದು ಆಸ್ಪತ್ರೆಯಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದಕೂಡಲೇ. ರಾತ್ರಿಯೆಲ್ಲ ಶೇಖರವಾದ ಕಫ ಬೆಳಿಗ್ಗೆ ಬರುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಹೆಚ್ಚು. ‘ಇನ್ನೊಂದು ಸಲ ಯಾಕೆ, ನಿನ್ನೆಯೇ ಕೊಟ್ಟೆನಲ್ಲ’ ಎಂದು ಬೆಳಗಿನ ಕಫ ಕೊಡದೆ ಬಿಡಬೇಡಿ. ಕೊಟ್ಟ ಡಬ್ಬಿಯನ್ನು ಬಿಸಿಲಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ದಿನವಿಡೀ ಇಡದೆ ಅಂದೇ ತಲುಪಿಸಿ.

ಸಿಬಿನ್ಯಾಟ್, ಟ್ರೂನ್ಯಾಟ್ ಎಂದರೇನು?

ಈಗ ಮಷಿನ್‌ಗೆ ಬರೋಣ. ಇವು ಬ್ಯಾಕ್ಟೀರಿಯಾವನ್ನು ಕಣ್ಣಿನಿಂದ ಹುಡುಕುವುದಿಲ್ಲ, ಅದರ ಡಿಎನ್ಎ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುತ್ತವೆ. ಕೊರೊನಾ ಕಾಲದ ಆರ್‌ಟಿ-ಪಿಸಿಆರ್ ನೆನಪಿದ್ದರೆ, ಹೆಚ್ಚುಕಡಿಮೆ ಅದೇ ಜಾತಿ. ಸಿಬಿನ್ಯಾಟ್ ಎಂದು ನಮ್ಮ ಆಸ್ಪತ್ರೆಗಳಲ್ಲಿ ಕರೆಯುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ಗಂಟೆಯೊಳಗೆ ಟಿಬಿ ಇದೆಯೇ ಎಂಬುದನ್ನೂ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಒಟ್ಟಿಗೆ ಹೇಳುತ್ತದೆ. ಮೈಕ್ರೋಸ್ಕೋಪಿಗೆ ಸಾವಿರಗಟ್ಟಲೆ ಬ್ಯಾಕ್ಟೀರಿಯಾ ಬೇಕಾದರೆ ಇದಕ್ಕೆ ಮಿಲಿಲೀಟರ್‌ಗೆ ನೂರು ಚಿಲ್ಲರೆ ಸಾಕು. 2017ರಲ್ಲಿ ಬಂದ ‘ಅಲ್ಟ್ರಾ’ ಎಂಬ ಆವೃತ್ತಿಗೆ ಇಪ್ಪತ್ತರ ಒಳಗಿದ್ದರೂ ಸಾಕು.

ಟ್ರೂನ್ಯಾಟ್ ನಮ್ಮ ದೇಶದ್ದೇ, ಗೋವಾದ ಮೋಲ್‌ಬಯೋ ಕಂಪನಿ ತಯಾರಿಸಿದ್ದು. ಬ್ಯಾಟರಿಯಲ್ಲೂ ಓಡುತ್ತದೆ, ಎಸಿ ರೂಮು ಬೇಕೆಂದಿಲ್ಲ. ಹಾಗಾಗಿ ಕರೆಂಟು ಹೋಗಿ ಬರುವ ತಾಲ್ಲೂಕು, ಹೋಬಳಿ ಮಟ್ಟದ ಆರೋಗ್ಯ ಕೇಂದ್ರಗಳಿಗೆ ಹೇಳಿ ಮಾಡಿಸಿದಂತಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನೂ ಶಿಫಾರಸು ಮಾಡಿತು. ಎರಡೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಮೊದಲು ಸ್ಲೈಡ್ ನೋಡಿ ಆಮೇಲೆ ಇದು ಎನ್ನುವುದಕ್ಕಿಂತ, ಮೊದಲೇ ಇದನ್ನು ಮಾಡುವುದು ಈಗಿನ ರಾಷ್ಟ್ರೀಯ ಕಾರ್ಯಕ್ರಮದ ನೀತಿ. ನಿಮ್ಮ ರಿಪೋರ್ಟ್ ಯಾವ ಪರೀಕ್ಷೆಯದು ಎಂದು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಮೈಕ್ರೋಸ್ಕೋಪಿಯದ್ದಾಗಿದ್ದು, ನೆಗೆಟಿವ್ ಬಂದು, ಕೆಮ್ಮು ಜ್ವರ ಹಾಗೇ ಇದ್ದರೆ ‘ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಮಾಡಿಸಬಹುದೇ ಡಾಕ್ಟ್ರೇ?’ ಎಂದು ಕೇಳಿ.

ಇವೂ ನೂರಕ್ಕೆ ನೂರು ಅಲ್ಲ. ಮೈಕ್ರೋಸ್ಕೋಪಿನಲ್ಲಿ ಕಂಡ ಟಿಬಿಯನ್ನು ಸಿಬಿನ್ಯಾಟ್ ನೂರಕ್ಕೆ 98ರಷ್ಟು ಹಿಡಿಯುತ್ತದೆ. ಮೈಕ್ರೋಸ್ಕೋಪಿಗೆ ಕಾಣದ ಟಿಬಿಯಲ್ಲಿ ಹಿಡಿಯುವುದು ನೂರಕ್ಕೆ 67ರಷ್ಟು. ಒಟ್ಟಾರೆ ಸುಮಾರು 85.

ರಿಪೋರ್ಟ್ ಓದುವಾಗ ಒಂದು ಎಚ್ಚರ. ‘ಎಂಟಿಬಿ ಡಿಟೆಕ್ಟೆಡ್, ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್’ ಎಂದು ಬರೆದಿರುತ್ತದೆ. ಕೊನೆಯ ಎರಡು ಪದ ಮಾತ್ರ ಓದಿ ‘ಏನೂ ಇಲ್ಲವಂತೆ’ ಎಂದುಕೊಂಡರೆ ಕೆಟ್ಟಿತು. ಅದರ ಅರ್ಥ: ಟಿಬಿ ಇದೆ, ಆದರೆ ರಿಫಾಂಪಿಸಿನ್ ಕೆಲಸ ಮಾಡುತ್ತದೆ. ‘ಎರರ್’, ‘ಇನ್‌ವ್ಯಾಲಿಡ್’ ಎಂದು ಬಂದರೆ ಪರೀಕ್ಷೆಯೇ ಸರಿಯಾಗಿ ಆಗಿಲ್ಲ, ಮತ್ತೆ ಕಫ ಕೊಡಬೇಕು.

ಒಂದೇ ಮಷಿನ್, ಎರಡು ಊರು

‘ಶೇ. 98ರಷ್ಟು ನಿಖರ’ ಎಂಬ ಜಾಹೀರಾತು ನೋಡಿ ನಾವೆಲ್ಲ ತಲೆದೂಗುತ್ತೇವೆ. ಆ ಅಂಕಿ ಹೇಗೆ ಮೋಸ ಮಾಡಬಹುದು ಎಂದು ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಊರುಗಳು, ಜನಸಂಖ್ಯೆ ಎಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಪರೀಕ್ಷೆ ಟಿಬಿ ಇರುವ 100 ಜನರಲ್ಲಿ 85 ಮಂದಿಯನ್ನು ಹಿಡಿಯುತ್ತದೆ, ಟಿಬಿ ಇಲ್ಲದ 100 ಜನರಲ್ಲಿ 98 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದಿಟ್ಟುಕೊಳ್ಳಿ.

ಮೊದಲ ಊರಲ್ಲಿ ಎರಡು ವಾರ ಮೀರಿದ ಕೆಮ್ಮು, ಜ್ವರ ಇರುವ 1,000 ಜನರನ್ನು ಪರೀಕ್ಷಿಸಿದರು, ಅವರಲ್ಲಿ 200 ಮಂದಿಗೆ ನಿಜಕ್ಕೂ ಟಿಬಿ ಇದೆ. ಪರೀಕ್ಷೆ 170 ಮಂದಿಯನ್ನು ಹಿಡಿಯುತ್ತದೆ. ಟಿಬಿ ಇಲ್ಲದ 800 ಜನರಲ್ಲಿ 16 ಮಂದಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಒಟ್ಟು 186 ಪಾಸಿಟಿವ್‌ಗಳಲ್ಲಿ 170 ನಿಜ. ಡಾಕ್ಟರು ಧೈರ್ಯವಾಗಿ ಔಷಧಿ ಶುರುಮಾಡಬಹುದು. ಆದರೆ 30 ಮಂದಿ ಟಿಬಿ ಇದ್ದೂ ‘ನೆಗೆಟಿವ್’ ಕಾಗದ ಹಿಡಿದು ಮನೆಗೆ ಹೋದರು, ಅದನ್ನು ಮರೆಯುವಂತಿಲ್ಲ.

ಎರಡನೆಯ ಊರಲ್ಲಿ ಯಾರಿಗೂ ಏನೂ ತೊಂದರೆಯಿಲ್ಲ, ಆದರೂ ‘ಎಲ್ಲರಿಗೂ ಟೆಸ್ಟ್’ ಎಂದು 1,000 ಜನರನ್ನು ಸಾಲಾಗಿ ನಿಲ್ಲಿಸಿದರು. ಟಿಬಿ ಇರುವುದು 10 ಮಂದಿಗೆ. ಪರೀಕ್ಷೆ 8 ಅಥವಾ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990ರಲ್ಲಿ ಶೇ. 2ರ ಲೆಕ್ಕದಲ್ಲಿ ಸುಮಾರು 20 ಮಂದಿಗೆ ಸುಮ್ಮನೆ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರಿಗೆ ಟಿಬಿಯೇ ಇಲ್ಲ! ಮಷಿನ್ ಅದೇ, ಟೆಕ್ನಿಶಿಯನ್ ಅದೇ, ಬದಲಾದದ್ದು ಪರೀಕ್ಷೆಗೆ ನಿಂತವರು ಯಾರು ಎಂಬುದಷ್ಟೇ.

ಇದಕ್ಕಾಗಿಯೇ ಡಾಕ್ಟರು ರಿಪೋರ್ಟ್ ಬದಿಗಿಟ್ಟು ‘ಎಷ್ಟು ದಿನದಿಂದ ಕೆಮ್ಮು? ತೂಕ ಇಳಿದಿದೆಯಾ? ಮನೆಯಲ್ಲಿ ಯಾರಿಗಾದರೂ ಇತ್ತಾ? ಶುಗರ್ ಇದೆಯಾ?’ ಎಂದು ಕೇಳುವುದು. ಅವು ಕಾಟಾಚಾರದ ಪ್ರಶ್ನೆಗಳೇನಲ್ಲ, ನಿಖರತೆಯ ಅರ್ಧ ಪಾಲು ಅಲ್ಲಿದೆ. ಯಾವ ಲಕ್ಷಣವೂ ಇಲ್ಲದವರಿಗೆ ಪಾಸಿಟಿವ್ ಬಂದರೆ ಇನ್ನೊಮ್ಮೆ ಪರೀಕ್ಷಿಸುವುದೂ, ಎಲ್ಲ ಲಕ್ಷಣ ಇರುವವರಿಗೆ ನೆಗೆಟಿವ್ ಬಂದರೆ ಎಕ್ಸ್-ರೇ, ಕಲ್ಚರ್ ಎಂದು ಮುಂದೆ ಹೋಗುವುದೂ ಇದೇ ಲೆಕ್ಕದಿಂದ.

‘ಒಂದೇ ರಕ್ತಪರೀಕ್ಷೆಯಲ್ಲಿ ಟಿಬಿ ಪತ್ತೆ’

ಈ ಫಾರ್ವರ್ಡ್‌ಗೆ ಇತಿಹಾಸವಿದೆ. ರಕ್ತದಲ್ಲಿ ಟಿಬಿ ವಿರುದ್ಧದ ಪ್ರತಿಕಾಯಗಳನ್ನು, ಅಂದರೆ ಐಜಿಜಿ, ಐಜಿಎಂ ಎಂದು ರಿಪೋರ್ಟಿನಲ್ಲಿ ಬರೆಯುವ ಆ್ಯಂಟಿಬಾಡಿಗಳನ್ನು ನೋಡಿ ರೋಗ ಹೇಳುವ ಕಿಟ್‌ಗಳು ಒಂದು ಕಾಲದಲ್ಲಿ ಖಾಸಗಿ ಲ್ಯಾಬುಗಳಲ್ಲಿ ಜೋರಾಗಿ ಮಾರಾಟವಾಗುತ್ತಿದ್ದವು. ಜಗತ್ತಿನಾದ್ಯಂತ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಪರೀಕ್ಷೆಗಳು ನಡೆಯುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತ್ತು. ಅದೇ ವರ್ಷ ಜುಲೈನಲ್ಲಿ ‘ಟಿಬಿ ಪತ್ತೆಗೆ ಇವನ್ನು ಬಳಸಬೇಡಿ’ ಎಂದು ಸ್ಪಷ್ಟವಾಗಿ ಸೂಚಿಸಿತು. ಇದ್ದವರಿಗೆ ಇಲ್ಲ, ಇಲ್ಲದವರಿಗೆ ಇದೆ ಎಂದು ಎರಡೂ ಕಡೆ ತಪ್ಪುವ ಪರೀಕ್ಷೆಗಳಿವು. ಭಾರತ ಸರ್ಕಾರ 2012ರ ಜೂನ್‌ನಲ್ಲಿ ಈ ಕಿಟ್‌ಗಳ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿತು. ಇವತ್ತು ಯಾರಾದರೂ ‘ಟಿಬಿ ಐಜಿಜಿ, ಐಜಿಎಂ ಮಾಡಿಸಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೆರಡು ಪರೀಕ್ಷೆಗಳು ಇದರ ಜೊತೆ ಕಲಸುಮೇಲೋಗರವಾಗುತ್ತವೆ. ಒಂದು ಮಾಂಟೂ, ಮುಂಗೈಗೆ ಚಿಕ್ಕ ಇಂಜೆಕ್ಷನ್ ಚುಚ್ಚಿ 48ರಿಂದ 72 ಗಂಟೆಯೊಳಗೆ ಗಂಟನ್ನು ಅಳೆಯುವುದು. ಅಳೆಯಬೇಕಾದದ್ದು ಕೈಗೆ ತಾಕುವ ಗಡಸು ಭಾಗವನ್ನು, ಕೆಂಪಾದ ಜಾಗವನ್ನಲ್ಲ. ಇನ್ನೊಂದು ರಕ್ತದಿಂದ ಮಾಡುವ ಐಜಿಆರ್‌ಎ. ಇದು ನಿಷೇಧಿತ ಪರೀಕ್ಷೆಯಲ್ಲ, ಆದರೆ ಇದು ಉತ್ತರಿಸುವ ಪ್ರಶ್ನೆಯೇ ಬೇರೆ. ‘ನಿಮ್ಮ ದೇಹ ಎಂದಾದರೂ ಟಿಬಿ ಬ್ಯಾಕ್ಟೀರಿಯಾವನ್ನು ಎದುರಿಸಿದೆಯೇ?’ ಎಂಬುದನ್ನು ಇವೆರಡೂ ಹೇಳುತ್ತವೆ. ‘ಈಗ ರೋಗ ಇದೆಯೇ?’ ಎಂಬುದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಜನರ ಮೈಯಲ್ಲಿ ಸೋಂಕು ಸುಮ್ಮನೆ ಮಲಗಿರುತ್ತದೆ. ಅವರಲ್ಲಿ ಜೀವಮಾನದಲ್ಲಿ ರೋಗಕ್ಕೆ ತಿರುಗುವುದು ನೂರಕ್ಕೆ 5ರಿಂದ 10 ಮಂದಿಗೆ. ಮಾಂಟೂವಂತೂ ಬಾಲ್ಯದ ಬಿಸಿಜಿ ಲಸಿಕೆಯಿಂದಲೂ ಪಾಸಿಟಿವ್ ಆಗಬಹುದು. ಮನೆಯಲ್ಲಿ ಟಿಬಿ ರೋಗಿಯಿದ್ದಾಗ ಉಳಿದವರಿಗೆ ಮುಂಜಾಗ್ರತೆಯ ಔಷಧಿ ಕೊಡಬೇಕೇ ಎಂದು ನಿರ್ಧರಿಸಲು ಇವು ಉಪಯುಕ್ತ. ಬರೀ ಇದನ್ನು ನೋಡಿ ದೊಡ್ಡವರಿಗೆ ಟಿಬಿ ಎಂದು ಮುದ್ರೆ ಒತ್ತುವುದು ತಪ್ಪು.

ಕೆಮ್ಮೇ ಇಲ್ಲದ ಟಿಬಿ

2019ರಿಂದ 2021ರವರೆಗೆ ದೇಶದಾದ್ಯಂತ ಟಿಬಿ ಸಮೀಕ್ಷೆ ನಡೆಯಿತು. ಜನರಿಗೆ ಲಕ್ಷಣಗಳ ಬಗ್ಗೆ ಪ್ರಶ್ನೆ ಕೇಳುವುದರ ಜೊತೆಗೆ ಎದೆಯ ಎಕ್ಸ್-ರೇಯನ್ನೂ ತೆಗೆದರು. ಎಕ್ಸ್-ರೇ ತೆಗೆಯದೆ ಬರೀ ‘ಕೆಮ್ಮು ಇದೆಯಾ, ಜ್ವರ ಇದೆಯಾ’ ಎಂದು ಕೇಳಿ ಬಂದಿದ್ದರೆ, ಸಿಕ್ಕ ರೋಗಿಗಳಲ್ಲಿ ಶೇ. 42.6 ಮಂದಿ ತಪ್ಪಿಹೋಗುತ್ತಿದ್ದರು. ಎಕ್ಸ್-ರೇ ಒಂದೇ ಟಿಬಿ ಎಂದು ಹೇಳಲಾರದು. ಹಳೆಯ ಗಾಯದ ಕಲೆ, ನ್ಯುಮೋನಿಯಾ, ಕ್ಯಾನ್ಸರ್ ಎಲ್ಲವೂ ಅದರಲ್ಲಿ ಟಿಬಿಯ ವೇಷ ಹಾಕಬಲ್ಲವು. ಆದರೆ ಯಾರ ಕಫವನ್ನು ತಪ್ಪದೆ ಪರೀಕ್ಷಿಸಬೇಕು ಎಂದು ಬೆರಳು ತೋರಿಸುತ್ತದೆ. ಎಕ್ಸ್-ರೇ ಓದುವ ಕಂಪ್ಯೂಟರ್ ತಂತ್ರಾಂಶಗಳನ್ನು 15 ವರ್ಷ ಮೇಲ್ಪಟ್ಟವರಿಗೆ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದೆ. ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳು ಈಗ ಹಳ್ಳಿ ಶಿಬಿರಗಳಿಗೂ ಬರುತ್ತಿವೆ. ನಿಮ್ಮೂರಿಗೆ ಬಂದರೆ ಸಾಲಿನಲ್ಲಿ ನಿಲ್ಲಿ.

ಅದೇ ಸಮೀಕ್ಷೆಯಲ್ಲಿ ಲಕ್ಷಣ ಇದ್ದವರಲ್ಲೂ ಸುಮಾರು ಶೇ. 64ರಷ್ಟು ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ‘ಜನ ಉದಾಸೀನ ಮಾಡುತ್ತಾರೆ’ ಎಂದು ಬೈಯುವುದು ಸುಲಭ. ಹಾಗೆ ಬೈಯುವ ಮುಂಚೆ ನಮ್ಮ ತುಮಕೂರಿನ ಹಳೆಯ ಅಧ್ಯಯನವೊಂದನ್ನು ನೆನೆಯಬೇಕು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿನ ಸಂಶೋಧಕರಾದ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಟಿಬಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಪರಿವೆಯೇ ಇಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಕಂಡದ್ದು ಬೇರೆ: ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆ, ಡಿಸ್ಪೆನ್ಸರಿಗಳ ಮೆಟ್ಟಿಲು ಹತ್ತಿದ್ದರು. ಅಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಅರವತ್ತು ವರ್ಷ ಕಳೆದರೂ ಆ ಬಾಟಲಿ ನಮ್ಮ ಮೆಡಿಕಲ್ ಶಾಪುಗಳಿಂದ ಹೋಗಿಲ್ಲ.

ಬಾಟಲಿಗಿಂತ ಅಪಾಯದ್ದು ಮಾತ್ರೆ. ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳು ಟಿಬಿ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಮಟ್ಟಿಗೆ ಕೊಲ್ಲುತ್ತವೆ. ಐದು ದಿನ ತಿಂದರೆ ಜ್ವರ ಇಳಿಯಬಹುದು, ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿ ಪರೀಕ್ಷೆ ನೆಗೆಟಿವ್ ಬರಬಹುದು, ಒಳಗೆ ರೋಗ ಹಾಗೇ ಇರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಇವನ್ನು ತಿನ್ನಬೇಡಿ. ಮೊದಲು ಕಫ ಕೊಡಿ. ಈಗಾಗಲೇ ತಿಂದಿದ್ದರೆ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ, ಸ್ಟ್ರಿಪ್ ಇದ್ದರೆ ತೋರಿಸಿ.

ಕಫ ಬಾರದವರು

ಚಿಕ್ಕ ಮಕ್ಕಳು ಕಫವನ್ನು ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಟ್ಟೆಯಿಂದ ನಳಿಕೆಯ ಮೂಲಕ ದ್ರವ ತೆಗೆದು ಪರೀಕ್ಷಿಸುತ್ತಾರೆ. ಮಲದ ಮಾದರಿಯಲ್ಲೂ ಸಿಬಿನ್ಯಾಟ್ ಮಾಡಬಹುದು. ಮಗುವಿನ ತೂಕ ಏರುತ್ತಿಲ್ಲ, ಆಡುವುದು ಬಿಟ್ಟಿದೆ, ಮನೆಯಲ್ಲಿ ಒಬ್ಬರಿಗೆ ಟಿಬಿ ಇದೆ ಎಂದರೆ, ಪರೀಕ್ಷೆ ನೆಗೆಟಿವ್ ಬಂದರೂ ಮಕ್ಕಳ ಡಾಕ್ಟರು ಔಷಧಿ ಶುರುಮಾಡುವುದುಂಟು. ಅದು ಊಹೆಯ ಆಟವಲ್ಲ. ಮಕ್ಕಳಲ್ಲಿ ಬ್ಯಾಕ್ಟೀರಿಯಾ ಅಷ್ಟು ಕಡಿಮೆ ಇರುತ್ತವೆ ಎಂದು ತಿಳಿದೇ ಮಾಡುವ ನಿರ್ಧಾರ.

ಕೂದಲು, ಉಗುರು ಬಿಟ್ಟು ದೇಹದ ಯಾವ ಭಾಗಕ್ಕಾದರೂ ಟಿಬಿ ಬರಬಹುದು ಎಂದು ಆರೋಗ್ಯ ಕಾರ್ಯಕರ್ತರು ಹೇಳುವುದನ್ನು ಕೇಳಿರುತ್ತೀರಿ. ನಮ್ಮಲ್ಲಿ ನಾಲ್ಕು ಟಿಬಿ ರೋಗಿಗಳಲ್ಲಿ ಒಬ್ಬರಿಗೆ ರೋಗ ಇರುವುದು ಶ್ವಾಸಕೋಶದ ಹೊರಗೆ: ಕುತ್ತಿಗೆಯ ಗಂಟು, ಬೆನ್ನುಮೂಳೆ, ಮೆದುಳಿನ ಪೊರೆ, ಗರ್ಭಕೋಶ. ಇವರ ಕಫ ಪರೀಕ್ಷೆ ನೆಗೆಟಿವ್ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಗಂಟಿನಿಂದ ಸೂಜಿ ಹಾಕಿ ಅಥವಾ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಇಲ್ಲೊಂದು ಸಣ್ಣ ಸಂಗತಿಯಿಂದ ದೊಡ್ಡ ನಷ್ಟ ಆಗುವುದುಂಟು. ಬಯಾಪ್ಸಿ ಚೂರನ್ನು ಅಭ್ಯಾಸಬಲದಿಂದ ಪೂರ್ತಿಯಾಗಿ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಮಾಡಲಾಗುವುದಿಲ್ಲ. ಆಪರೇಷನ್‌ಗೆ ಮುಂಚೆಯೇ ‘ಟಿಬಿ ಕಲ್ಚರ್‌ಗೂ ಸಿಬಿನ್ಯಾಟ್‌ಗೂ ಒಂದು ಚೂರನ್ನು ಸಲೈನ್‌ನಲ್ಲಿ ಕಳಿಸುತ್ತೀರಾ?’ ಎಂದು ಕೇಳಿ. ಚೂರು ಫಾರ್ಮಲಿನ್‌ಗೆ ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಔಷಧಿ ಮುಗಿದ ಮೇಲೆ

ಆರು ತಿಂಗಳು ಔಷಧಿ ತಿಂದು ಗುಣವಾದವರು ಕೆಲವೊಮ್ಮೆ ‘ಖಾತ್ರಿ ಮಾಡಿಕೊಳ್ಳೋಣ’ ಎಂದು ತಾವಾಗಿಯೇ ಖಾಸಗಿಯಾಗಿ ಸಿಬಿನ್ಯಾಟ್ ಮಾಡಿಸಿ ಪಾಸಿಟಿವ್ ನೋಡಿ ಕುಸಿದುಹೋಗುತ್ತಾರೆ. ಆ ಮಷಿನ್‌ಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಯಾವುದು, ಬದುಕಿರುವುದರ ಡಿಎನ್ಎ ಯಾವುದು ಎಂದು ಗೊತ್ತಾಗುವುದಿಲ್ಲ. ಸತ್ತದ್ದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದಿರಬಹುದು. ಅದಕ್ಕೇ ಚಿಕಿತ್ಸೆಯ ನಡುವೆ, ಕೊನೆಗೆ ನೋಡುವುದು ಮೈಕ್ರೋಸ್ಕೋಪಿ ಮತ್ತು ಕಲ್ಚರ್. ಹಿಂದೆ ಟಿಬಿ ಆಗಿ ಗುಣವಾದವರು ಮತ್ತೆ ಕೆಮ್ಮು ಬಂದು ಪರೀಕ್ಷೆಗೆ ಹೋದಾಗ ಹಳೆಯ ಚಿಕಿತ್ಸೆಯ ವಿಷಯವನ್ನು ಮುಚ್ಚಿಡದೆ, ಯಾವ ವರ್ಷ, ಎಷ್ಟು ತಿಂಗಳು ಔಷಧಿ ತಿಂದಿರಿ ಎಂದು ಹೇಳಿ. ಹಳೆಯ ಎಕ್ಸ್-ರೇ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಕಲೆ ಹಳೆಯದೋ ಹೊಸದೋ ಎಂದು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಎಲ್ಲಿ ಪರೀಕ್ಷೆ ಮಾಡಿಸಬೇಕು ಎಂದು ಗೊತ್ತಾಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು, ಅಥವಾ ಕೇಂದ್ರ ಸರ್ಕಾರದ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು.